ವೈರ್‌ಲೆಸ್ ಗೇಮಿಂಗ್ ಮೌಸ್: ನನಗೆ ತೊಡಕಾಗಿದ್ದು ಎಲ್ಲಿ

ದಾವಣಗೆರೆಯ ಅಶೋಕ ರಸ್ತೆ ಹತ್ತಿರದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡೋದು ನನ್ನ ಕೆಲಸ. ಹಗಲೆಲ್ಲ ಫೋಟೋಶಾಪ್. ರಾತ್ರಿ ಊಟ ಮುಗಿಸಿ ವಿನೋಬನಗರದ ಮನೆಯಲ್ಲಿ ವ್ಯಾಲೊರಂಟ್ ಅನ್ನೋ ಗುಂಡು ಹೊಡೆಯುವ ಆಟ. ಕಾಲೇಜಿನಿಂದ ಜೊತೆಗಿರುವ ಐದು ಜನ ಸೇರಿ ಆಡುತ್ತೇವೆ. ದಿನಕ್ಕೆ ಹತ್ತು ಗಂಟೆಯಾದರೂ ಮೌಸ್ ಕೈಯಲ್ಲೇ ಇರುತ್ತದೆ.

ಮೊದಲು ನನ್ನ ಹತ್ತಿರ ಇದ್ದದ್ದು ವೈರ್ ಮೌಸ್. ನಾನು 800 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಷ್ಟು ಚುಕ್ಕಿ ಎಣಿಸುತ್ತದೆ ಅನ್ನೋ ಲೆಕ್ಕ) ಇಟ್ಟುಕೊಂಡು, ಆಟದೊಳಗೆ ಸೆನ್ಸಿಟಿವಿಟಿ ತೀರಾ ಕಡಿಮೆ ಮಾಡಿ ಆಡುವವನು. ಅಂದರೆ ಹಿಂದೆ ತಿರುಗಿ ನೋಡಬೇಕಾದರೆ ಮಣಿಕಟ್ಟು ಸಾಲದು, ಇಡೀ ಮುಂಗೈ ಎಳೆಯಬೇಕು. ಹಾಗೆ ಎಳೆದಾಗಲೆಲ್ಲ ವೈರು ಟೇಬಲ್ ಅಂಚಿಗೆ ತಾಗಿ ಜಗ್ಗುತ್ತಿತ್ತು. ಜಗ್ಗಿದ್ದು ಕೂದಲೆಳೆಯಷ್ಟೇ ಇರಬಹುದು, ಆದರೆ ಗುರಿ ತಲೆಯಿಂದ ಭುಜಕ್ಕೆ ಸರಿಯೋಕೆ ಅಷ್ಟೇ ಸಾಕು. ತಂಗಿಯ ಹೇರ್‌ಬ್ಯಾಂಡ್ ತಗೊಂಡು ವೈರನ್ನು ಮಾನಿಟರ್ ಸ್ಟ್ಯಾಂಡಿಗೆ ಕಟ್ಟಿ ಒಂದು ವರ್ಷ ತಳ್ಳಿದೆ. ಕೊನೆಗೆ ಮೌಸಿನ ಕುತ್ತಿಗೆ ಹತ್ತಿರ ಒಳಗಿನ ತಂತಿ ತುಂಡಾಗಿ, ಅಲ್ಲಾಡಿಸಿದಾಗ ಮಾತ್ರ ಕೆಲಸ ಮಾಡೋಕೆ ಶುರುವಾಯಿತು.

ಆಗ ವೈರ್‌ಲೆಸ್ ತಗೊಂಡೆ. ಎಎ ಸೆಲ್ ಹಾಕುವ ಮಾದರಿ. ಬೆಲೆ ಹಳೆಯದಕ್ಕಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಮೊದಲ ರಾತ್ರಿ ಆಡಿದಾಗಿನ ಖುಷಿ ಈಗಲೂ ನೆನಪಿದೆ. ಎಳೆದಷ್ಟೂ ಮೌಸ್ ಸುಮ್ನೆ ಬರುತ್ತಿತ್ತು. ಹಿಂದಿನಿಂದ ಯಾರೋ ಹಿಡಿದುಕೊಂಡಿದ್ದ ಕೈ ಬಿಟ್ಟ ಹಾಗೆ.

ಎರಡನೇ ವಾರ ತೊಂದರೆ ಶುರುವಾಯಿತು. ಆಟದ ನಡುವೆ ಗುರಿ ಇದ್ದಕ್ಕಿದ್ದಂತೆ ನಿಂತು, ಒಂದು ಗೇಣು ಹಾರಿ ಇನ್ನೆಲ್ಲೋ ಹೋಗಿ ಕೂರುತ್ತಿತ್ತು. ಕೆಲವು ರಾತ್ರಿ ಒಂದು ಸಲವೂ ಆಗುತ್ತಿರಲಿಲ್ಲ. ಕೆಲವು ರಾತ್ರಿ ಆಡೋಕೇ ಆಗುತ್ತಿರಲಿಲ್ಲ. ನರ್ಗಿಸ್ ಮಂಡಕ್ಕಿ ತಿನ್ನುತ್ತಾ ಆಡುವ ಅಭ್ಯಾಸ ನಮ್ಮದು. ಸೆನ್ಸರ್ ತೂತಿಗೆ ಚೂರೇನಾದರೂ ಸಿಕ್ಕಿದೆಯಾ ಅಂತ ಕಿವಿ ಕಡ್ಡಿಯ ಹತ್ತಿಯಿಂದ ಒರೆಸಿದೆ. ಮೌಸ್ ಪ್ಯಾಡ್ ಬದಲಾಯಿಸಿದೆ. ಹೊಸ ಸೆಲ್ ಹಾಕಿದೆ. ಏನೂ ಆಗಲಿಲ್ಲ. ವಾಪಸ್ ಕಳಿಸೋಕೆ ಡಬ್ಬಿ ಕೂಡ ಹುಡುಕಿಟ್ಟಿದ್ದೆ.

ಅವತ್ತು ಭಾನುವಾರ. ಎರಡು ಮದುವೆಯ ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿ, ಅದು ಮುಗಿಯುವ ತನಕ ಆಡೋಣ ಅಂತ ಕೂತೆ. ಮೌಸ್ ಕುಣಿಯೋಕೆ ಶುರು. ನಾನು ಬೈಯುತ್ತಿರುವುದು ಹೆಡ್‌ಸೆಟ್ಟಿನಲ್ಲಿ ಕೇಳಿ, ನೆಟ್‌ವರ್ಕ್ ಕೆಲಸ ಮಾಡುವ ನಮ್ಮ ಹುಡುಗ ಒಂದೇ ಪ್ರಶ್ನೆ ಕೇಳಿದ: "ಲೇ, ರಿಸೀವರ್ ಎಲ್ಲಿ ಹಾಕೀಯಲೇ?"

ರಿಸೀವರ್ ಅಂದರೆ ಮೌಸಿನ ಸಂಕೇತ ಹಿಡಿಯೋಕೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ತುಂಡು. ಅದು ಇದ್ದದ್ದು ಸಿಪಿಯು ಹಿಂಭಾಗದಲ್ಲಿ, ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದ ಪೋರ್ಟಿನ ಪಕ್ಕದಲ್ಲೇ. ಸಿಪಿಯು ಇದ್ದದ್ದು ಟೇಬಲ್ ಕೆಳಗೆ. ಮೌಸಿಗೂ ರಿಸೀವರಿಗೂ ನಡುವೆ ತಗಡಿನ ಕ್ಯಾಬಿನೆಟ್, ಟೇಬಲ್ ಹಲಗೆ, ನನ್ನ ಕಾಲು, ಎಲ್ಲ.

ವಿಷಯ ಇಷ್ಟೇ. ಮೌಸ್ ರಿಸೀವರ್ ಜೊತೆ ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದಂಥ ವೇಗದ ಯುಎಸ್‌ಬಿ 3.0 ಪೋರ್ಟಿನಲ್ಲಿ ಡೇಟಾ ಓಡುವಾಗ ಹೊಮ್ಮುವ ರೇಡಿಯೋ ಗದ್ದಲ ಅಲ್ಲಿಗೂ ಹರಡುತ್ತದೆ. ಇಂಟೆಲ್ ಕಂಪನಿ ಇದನ್ನು 2012ರಲ್ಲೇ ಬರೆದು ತಿಳಿಸಿತ್ತು. ಹಾಗಾಗಿ ನಾನು ಮದುವೆ ಫೋಟೋ ಕಾಪಿ ಹಾಕಿದ ರಾತ್ರಿಗಳಲ್ಲೇ ಮೌಸ್ ಕೈಕೊಡುತ್ತಿತ್ತು. ಮನೆಯ ವೈಫೈ, ಬ್ಲೂಟೂತ್ ಸ್ಪೀಕರ್ ಕೂಡ ಅದೇ ಜಾಗದಲ್ಲಿ ಓಡಾಡುವಂಥವು. ಆದರೆ ನನಗೆ ಕಾಟ ಕೊಟ್ಟದ್ದು ಹಾರ್ಡ್ ಡಿಸ್ಕ್.

ಮಾರನೇ ದಿನ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ರಿಸೀವರನ್ನು ಮೇಲೆ ತಂದು ಮಾನಿಟರ್ ಬುಡದಲ್ಲಿ ಟೇಪ್ ಹಾಕಿ ಅಂಟಿಸಿದೆ. ಮೌಸ್ ಪ್ಯಾಡಿನಿಂದ ಒಂದು ಗೇಣಿಗಿಂತ ಸ್ವಲ್ಪ ದೂರ ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಒಂದೇ ಒಂದು ಸಲ ಹಾರಿಲ್ಲ. ಕೆಲವು ಮೌಸ್‌ಗಳ ಡಬ್ಬಿಯಲ್ಲೇ ಈ ಕೇಬಲ್ ಕೊಟ್ಟಿರುತ್ತಾರೆ. ದಯವಿಟ್ಟು ಅದನ್ನು ಬಿಸಾಡಬೇಡಿ.

ವೈರ್ ಇಲ್ಲದಿದ್ದರೆ ನಿಧಾನ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಗೇಮಿಂಗ್ ಮೌಸ್ ತನ್ನದೇ ರಿಸೀವರ್ ಮೂಲಕ ಸಾಮಾನ್ಯವಾಗಿ ಸೆಕೆಂಡಿಗೆ 1000 ಸಲ ತಾನೆಷ್ಟು ಸರಿದೆ ಅಂತ ಹೇಳುತ್ತದೆ. ಅಂದರೆ ಮಿಲಿಸೆಕೆಂಡಿಗೊಂದು ಸಲ. ವೈರ್ ಇರುವ ಗೇಮಿಂಗ್ ಮೌಸಿನದ್ದೂ ಸಾಮಾನ್ಯವಾಗಿ ಅಷ್ಟೇ. 60 ಹರ್ಟ್ಸ್ ಮಾನಿಟರ್ ಒಂದು ಚಿತ್ರ ಬದಲಾಯಿಸೋಕೇ 16 ಮಿಲಿಸೆಕೆಂಡಿಗಿಂತ ಜಾಸ್ತಿ ತಗೊಳ್ಳುತ್ತದೆ. ನಿಧಾನ ಅನ್ನಿಸಿದರೆ ಮೊದಲು ಅನುಮಾನಿಸಬೇಕಾದ್ದು ಮೌಸನ್ನಲ್ಲ. ಬ್ಲೂಟೂತ್ ಮಾತ್ರ ಬೇರೆ ಕಥೆ. ಅದರಲ್ಲಿ ಸೆಕೆಂಡಿಗೆ ನೂರಿಪ್ಪತ್ತರ ಆಸುಪಾಸು. ಆಫೀಸ್ ಕೆಲಸಕ್ಕೆ ಸರಿ, ಗುಂಡು ಹೊಡೆಯುವ ಆಟಕ್ಕೆ ಬೇಡ.

ನನಗೆ ನಿಜವಾಗಿ ಬೇಜಾರಾಗಿದ್ದು ತೂಕ. ಒಂದು ಆಲ್ಕಲೈನ್ ಎಎ ಸೆಲ್ಲೇ ಸುಮಾರು 23 ಗ್ರಾಂ. ಅದೂ ಮೌಸಿನ ಹಿಂಭಾಗದಲ್ಲಿ ಕೂರುತ್ತದೆ. ಎತ್ತಿ ಇಡುವಾಗ ಬಾಲ ಜೋತುಬಿದ್ದ ಹಾಗೆ ಅನ್ನಿಸುತ್ತದೆ. 15 ಗ್ರಾಂ ಇರುವ ಲಿಥಿಯಂ ಸೆಲ್ ಹಾಕಿದೆ. ಎಂಟು ಗ್ರಾಂ ಏನು ಮಹಾ ಅನ್ನಬಹುದು, ಕೈಗೆ ಗೊತ್ತಾಗುತ್ತದೆ. ಅದು ದುಬಾರಿ ಅನ್ನೋದೂ ಅಷ್ಟೇ ನಿಜ. ಚಾರ್ಜ್ ಮಾಡುವ ಮೌಸ್‌ಗಳು ಈಗ ತುಂಬಾ ಹಗುರ ಬರುತ್ತಿವೆ. 2020ರಲ್ಲಿ ಬಂದ ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63 ಗ್ರಾಂಗಿಂತ ಕಡಿಮೆ. ಅಂಥದ್ದು ತಗೊಳ್ಳುವಷ್ಟು ದುಡ್ಡು ನಾನಿನ್ನೂ ಕೂಡಿಟ್ಟಿಲ್ಲ.

ಸೆಲ್ ಖಾಲಿಯಾಗುವುದು ಒಂದೇ ಸಲ ನನ್ನನ್ನು ಸೋಲಿಸಿದೆ. ಸ್ಕೋರ್ 12-12 ಸಮ ಆಗಿತ್ತು, ನಮ್ಮ ತಂಡದಲ್ಲಿ ನಾನೊಬ್ಬನೇ ಉಳಿದಿದ್ದೆ, ಮೌಸ್ ಸತ್ತಿತು. ನಾಲ್ವರೂ ಒಟ್ಟಿಗೆ "ಏನಾತಲೇ!" ಅಂದದ್ದು ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ಕೀಬೋರ್ಡ್ ಹಿಂದೆ ಒಂದು ಹೊಸ ಸೆಲ್ ಕವರ್ ಬಿಚ್ಚಿಯೇ ಇಟ್ಟಿರುತ್ತೇನೆ. ಚಾರ್ಜ್ ಮಾದರಿಯಾದರೆ ವೈರ್ ಸಿಕ್ಕಿಸಿ ಆಟ ಮುಂದುವರಿಸಬಹುದು, ಆ ಅನುಕೂಲ ದೊಡ್ಡದು. ಆದರೆ ನಾಲ್ಕೈದು ವರ್ಷಕ್ಕೆ ಒಳಗಿನ ಬ್ಯಾಟರಿ ಸೊರಗಿದರೆ ಬಿಚ್ಚಿ ಬದಲಾಯಿಸೋದು ಸುಲಭವಲ್ಲ. ನನ್ನ ಮೌಸಿಗೆ ಬೀದಿ ಕೊನೆಯ ಅಂಗಡಿಯಲ್ಲಿ ಸೆಲ್ ಸಿಗುತ್ತದೆ.

ಸ್ಟುಡಿಯೋದಲ್ಲಿ ಈಗಲೂ ವೈರ್ ಮೌಸನ್ನೇ ಇಟ್ಟುಕೊಂಡಿದ್ದೇನೆ. ಅಲ್ಲಿ ಕೈ ಹೆಚ್ಚು ಓಡಾಡುವುದಿಲ್ಲ, ವೈರು ಜಗ್ಗುವುದೂ ಇಲ್ಲ. ದಿನವಿಡೀ ಹಾರ್ಡ್ ಡಿಸ್ಕು, ಕಾರ್ಡ್ ರೀಡರು ಓಡುತ್ತಲೇ ಇರುತ್ತವೆ. ಮೂರು ಜನ ಅದೇ ಸಿಸ್ಟಂ ಬಳಸುತ್ತೇವೆ, ಉಗುರಿನಷ್ಟು ರಿಸೀವರ್ ಒಂದು ವಾರವೂ ಅಲ್ಲಿ ಉಳಿಯುವುದಿಲ್ಲ.