ಒಂದು ಜಮೀನಿನ ಜಾಡು ಹಿಡಿದು ಮೇನರ್ ಕೋರ್ಟಿನ ಸುರುಳಿ ಓದಿದ್ದು

ಏಳುನೂರು ವರ್ಷ ಹಿಂದೆ ಇಂಗ್ಲೆಂಡಿನ ಒಬ್ಬ ಸಾಮಾನ್ಯ ರೈತ ಹೇಗೆ ಬದುಕಿದ ಅಂತ ತಿಳಿಯಬೇಕಾದರೆ ರಾಜರ ಚರಿತ್ರೆಯಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಮೇನರ್ ಕೋರ್ಟಿನ, ಅಂದರೆ ಜಮೀನಿನ ಒಡೆಯ ನಡೆಸುತ್ತಿದ್ದ ಕೋರ್ಟಿನ, ದಾಖಲೆ ಸುರುಳಿಗಳಲ್ಲಿ ಸಿಗುತ್ತಾನೆ. ಹಸು ಪಕ್ಕದ ಹೊಲಕ್ಕೆ ನುಗ್ಗಿತು ಅಂತ ದಂಡ ಕಟ್ಟುತ್ತಾನೆ. ಅಪ್ಪ ಸತ್ತಾಗ ಬಂದು ಜಮೀನು ಕೇಳುತ್ತಾನೆ. ಒಡೆಯನ ಕಾಡಿನಲ್ಲಿ ಹಸಿ ಮರ ಕಡಿದು ಸಿಕ್ಕಿಬೀಳುತ್ತಾನೆ.

ನಾನು ಕೆಲಸದ ಮೇಲೆ ಲೀಡ್ಸ್‌ಗೆ ಬಂದು ನೆಲೆಸಿದೆ. ಇದೇ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವೇಕ್‌ಫೀಲ್ಡ್ ಮೇನರ್‌ನ ಸುರುಳಿಗಳಿವೆ. 1274ರಿಂದ 1925ರವರೆಗಿನವು. ನಡುವೆ ಅಲ್ಲಲ್ಲಿ ಕಳೆದುಹೋಗಿದ್ದರೂ ಇಷ್ಟು ಉದ್ದದ ಸಾಲು ಅಪರೂಪ. 2016ರಲ್ಲಿ ಮಹತ್ವದ ದಾಖಲೆಗಳಿಗಾಗಿ ಯುನೆಸ್ಕೋ ಇಟ್ಟಿರುವ ಬ್ರಿಟನ್ ಪಟ್ಟಿಗೂ ಇವು ಸೇರಿದವು. ಚರಿತ್ರೆ ನನ್ನ ವೃತ್ತಿಯಲ್ಲ, ಆಸೆಯಿಂದ ಹಿಡಿದ ಕೆಲಸ. ಇಂಥ ದಾಖಲೆ ಓದಲು ಆಸಕ್ತಿ ಇರುವವರಿಗೆ ನಾನು ಹೇಗೆ ಓದಿದೆ, ಓದಿ ಏನು ಕಂಡೆ ಅಂತ ಹೇಳುತ್ತೇನೆ.

ಮೇನರ್ ಅಂದರೆ ಒಬ್ಬ ಒಡೆಯನ ಹಿಡಿತದಲ್ಲಿದ್ದ ಭೂಮಿ. ಕೆಲವು ಮೇನರ್‌ಗಳು ಒಂದು ಹಳ್ಳಿಗಿಂತ ಚಿಕ್ಕವು. ವೇಕ್‌ಫೀಲ್ಡ್ ಮಾತ್ರ ತುಂಬಾ ದೊಡ್ಡದು, ಪಶ್ಚಿಮ ಯಾರ್ಕ್‌ಷೈರಿನ ಬೆಟ್ಟಗಳವರೆಗೆ ಹರಡಿತ್ತು. 13ನೇ ಶತಮಾನದಲ್ಲಿ ಇದರ ಒಡೆಯರು ವಾರೆನ್ ಮನೆತನದ ಅರ್ಲ್‌ಗಳು. ಕೋರ್ಟು ಸುಮಾರು ಮೂರು ವಾರಕ್ಕೊಮ್ಮೆ ಕೂಡುತ್ತಿತ್ತು. ಸಾಲ, ಜಗಳ, ಜಮೀನಿನ ವರ್ಗಾವಣೆ ಎಲ್ಲ ಅಲ್ಲಿಗೇ. ವರ್ಷಕ್ಕೆರಡು ಸಲ ಟೂರ್ನ್ ಅಂತ ಇನ್ನೊಂದು ಕೂಟ ಊರೂರಿಗೆ ಹೋಗಿ ನಡೆಯುತ್ತಿತ್ತು. ಹ್ಯಾಲಿಫ್ಯಾಕ್ಸ್, ಬ್ರಿಗ್‌ಹೌಸ್, ಕರ್ಕ್‌ಬರ್ಟನ್ ಕಡೆಯ ಜನ ಅದಕ್ಕೆ ಬರಬೇಕು. ಹೊಡೆದಾಟ, ರಕ್ತ ಬಂದ ಗಾಯ, ಮುಚ್ಚಿದ ದಾರಿ, ಅಳತೆ ತಪ್ಪಿದ ಬಿಯರು, ಇಂಥವು ಅಲ್ಲಿ ಬರುತ್ತಿದ್ದವು. ಬೇರೆ ಕಡೆ ಈ ಎರಡನೇ ಬಗೆಗೆ ಕೋರ್ಟ್ ಲೀಟ್ ಅನ್ನುತ್ತಾರೆ. ಇದು ನಿಜವಾಗಿ ರಾಜನ ಅಧಿಕಾರ. ಒಡೆಯರು ಅದನ್ನು ನಡೆಸುತ್ತ, ದಂಡದ ಹಣ ತಾವೇ ಇಟ್ಟುಕೊಳ್ಳುತ್ತಿದ್ದರು.

ಸುರುಳಿಗಳು ತೊಗಲಿನ ಹಾಳೆಗಳು. ಭಾಷೆ ಲ್ಯಾಟಿನ್. 1733ರವರೆಗೂ ಲ್ಯಾಟಿನ್ನೇ, ನಡುವೆ ರಾಜನಿಲ್ಲದ 1650ರ ದಶಕದಲ್ಲಿ ಮಾತ್ರ ಇಂಗ್ಲಿಷ್. ಇದನ್ನು ಕೇಳಿ ಹೆದರುವುದು ಬೇಡ. ನಾನು ಶುರು ಮಾಡಿದ್ದು ಅಚ್ಚಾದ ಸಂಪುಟಗಳಿಂದ. ವೇಕ್‌ಫೀಲ್ಡಿನ ಮೊದಲ ಸಂಪುಟ 1901ರಲ್ಲೇ ಬಂದಿದೆ. ಇಂಗ್ಲಿಷ್ ಅನುವಾದ ಪಕ್ಕಕ್ಕಿಟ್ಟುಕೊಂಡು ಮೂಲದ ಸಾಲು ಬಿಡಿಸುತ್ತ ಹೋದೆ. ಗುಮಾಸ್ತರು ಹೊಸದಾಗಿ ಏನೂ ಬರೆಯುತ್ತಿರಲಿಲ್ಲ. ಅದೇ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ, ಅವೇ ಪದಗಳನ್ನು ಅದೇ ರೀತಿ ಮೊಟಕು ಮಾಡಿರುತ್ತಾರೆ. ಇಂಥವನು ಕೋರ್ಟಿಗೆ ಬಂದು ಜಮೀನನ್ನು ಒಡೆಯನ ಕೈಗೆ ಒಪ್ಪಿಸಿದ ಅನ್ನುವ ಒಂದು ವಾಕ್ಯ ಚೆನ್ನಾಗಿ ಗುರುತಾದರೆ ಸುರುಳಿಯ ದೊಡ್ಡ ಪಾಲು ಓದಲು ಬಂದ ಹಾಗೆ.

ಹಾಳೆಯ ಎಡ ಅಂಚು ಬಹಳ ಮುಖ್ಯ. ಊರಿನ ಹೆಸರು, ದಂಡವೋ, ಜಮೀನು ಪಡೆಯಲು ಒಡೆಯನಿಗೆ ಕೊಟ್ಟ ಕಾಣಿಕೆಯೋ ಅನ್ನುವ ಗುರುತು, ಮೊತ್ತ ಎಲ್ಲ ಅಂಚಿನಲ್ಲೇ ಇರುತ್ತದೆ. ಒಡೆಯನ ಲೆಕ್ಕದವರು ಒಟ್ಟು ಹಾಕಲು ಅದನ್ನೇ ನೋಡುತ್ತಿದ್ದರು. ನಾನೂ ಮೊದಲು ಅಂಚನ್ನೇ ಓದುತ್ತೇನೆ. ಅಂಕಿಗಳು ರೋಮನ್, ಮೂರು ಪೆನ್ನಿಗೆ ಎರಡು ಐ ಬರೆದು ಕೊನೆಗೆ ಒಂದು ಜೆ ಹಾಕಿರುತ್ತಾರೆ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್.

ತಾರೀಖು ಬಿಡಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಸಂತರ ಹಬ್ಬ ಮತ್ತು ರಾಜನ ಆಳ್ವಿಕೆಯ ವರ್ಷ, ಇವೆರಡರಿಂದಲೇ ದಿನ ಹೇಳುತ್ತಾರೆ. ಮೂರನೇ ಎಡ್ವರ್ಡನ 23ನೇ ವರ್ಷ, ಸಂತ ಮೈಕೇಲನ ಹಬ್ಬದ ನಂತರದ ಶುಕ್ರವಾರ ಅಂತ ಇದೆ ಅಂದುಕೊಳ್ಳಿ. ಅವನ ಆಳ್ವಿಕೆಯ ಲೆಕ್ಕ ಶುರುವಾಗುವುದು 1327ರ ಜನವರಿ 25ರಿಂದ. ಹಾಗಾಗಿ 23ನೇ ವರ್ಷ 1349ರ ಜನವರಿಯಿಂದ 1350ರ ಜನವರಿಯವರೆಗೆ. ಹಬ್ಬ ಸೆಪ್ಟೆಂಬರ್ 29. ಆ ವರ್ಷ ಅದು ಮಂಗಳವಾರ ಬಂತು. ಅಲ್ಲಿಗೆ ಶುಕ್ರವಾರ ಅಂದರೆ 1349ರ ಅಕ್ಟೋಬರ್ 2. ಇದನ್ನು ಪ್ರತಿ ಸಲ ಕೈಯಲ್ಲೇ ಲೆಕ್ಕ ಹಾಕಬೇಕಿಲ್ಲ, ಕೋಷ್ಟಕಗಳಿವೆ. ಆದರೆ ಒಂದೆರಡು ಸಲ ತಾನೇ ಹಾಕಿ ನೋಡಿದರೆ ಆಮೇಲೆ ಕೋಷ್ಟಕದ ಮೇಲೆ ನಂಬಿಕೆ ಬರುತ್ತದೆ.

ಇನ್ನು ನನ್ನ ಓದುವ ಕ್ರಮ. ಮನುಷ್ಯರ ಹೆಸರು ಹಿಡಿದು ಹೋಗುವುದು ಕಷ್ಟ. ಮನೆತನದ ಹೆಸರು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಒಬ್ಬನೇ ಮನುಷ್ಯ ಒಂದು ಕಡೆ ರೋಜರನ ಮಗ ಥಾಮಸ್ ಆಗಿರಬಹುದು, ಇನ್ನೊಂದು ಕಡೆ ಊರಿನ ಹೆಸರಿನ ಥಾಮಸ್ ಆಗಿರಬಹುದು. ಜಮೀನು ಹಾಗಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಅದಕ್ಕೇ ಒಂದು ಊರು ಆರಿಸಿಕೊಂಡು, ಅಲ್ಲಿನ ಒಂದು ಮನೆ ಮತ್ತು ಅದಕ್ಕೆ ಸೇರಿದ ಹೊಲದ ಹಿಂದೆ ಬಿದ್ದೆ. ಆ ಕಡೆ ಹೊಲವನ್ನು ಆಕ್ಸ್‌ಗ್ಯಾಂಗ್ ಲೆಕ್ಕದಲ್ಲಿ ಹೇಳುತ್ತಾರೆ. ಅದರ ಎಕರೆ ಊರಿಂದ ಊರಿಗೆ ಬೇರೆ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿಕೊಂಡೆ. ಕೋರ್ಟಿನ ದಿನ, ಊರು, ಯಾರಿಂದ, ಯಾರಿಗೆ, ಎಷ್ಟು ಜಮೀನು, ಎಷ್ಟು ಕಾಣಿಕೆ, ಜಾಮೀನು ನಿಂತವರು ಯಾರು. ಕೊನೆಯ ಕಾಲಂ ಮರೆಯಬೇಡಿ. ಜಾಮೀನು ನಿಲ್ಲುವವರು ಸಾಮಾನ್ಯವಾಗಿ ನೆರೆಯವರು, ನೆಂಟರು, ಇಲ್ಲವೇ ಊರಿನ ಅಧಿಕಾರಿ. ಯಾರಿಗೆ ಯಾರು ಬೇಕಾದವರು ಅಂತ ಅದರಿಂದ ಗೊತ್ತಾಗುತ್ತದೆ.

ಹೀಗೆ ಪಟ್ಟಿ ಉದ್ದವಾದಂತೆ ಕೋರ್ಟಿನ ಕೆಲಸ ಕಾಣತೊಡಗಿತು. ಅದು ಒಡೆಯನ ಕೋರ್ಟು, ನಿಜ. ಅಧ್ಯಕ್ಷತೆಗೆ ಅವನ ಸ್ಟೂವರ್ಡ್, ಅಂದರೆ ಕಾರಭಾರಿ, ಕೂತಿರುತ್ತಾನೆ. ಆದರೆ ಉಳಿದ ಕೆಲಸವನ್ನೆಲ್ಲ ಒಕ್ಕಲುಗಳೇ ಮಾಡುತ್ತಾರೆ. ವೇಕ್‌ಫೀಲ್ಡಿನಲ್ಲಿ ಮೇನರನ್ನು ಗ್ರೇವ್‌ಶಿಪ್ ಅನ್ನುವ ಭಾಗಗಳಾಗಿ ಮಾಡಿದ್ದರು. ಸ್ಯಾಂಡಲ್, ಹಾರ್ಬರಿ, ಆಸೆಟ್, ಹೋಮ್, ಸೋವರ್‌ಬಿ, ಹೀಗೆ. ಪ್ರತಿ ಭಾಗಕ್ಕೂ ಒಬ್ಬ ಗ್ರೇವ್. ಅವನೂ ಒಕ್ಕಲೇ, ಅವನನ್ನು ಆರಿಸುವವರೂ ಒಕ್ಕಲುಗಳೇ. ಬಾಡಿಗೆ ವಸೂಲಿ ಮಾಡಬೇಕು, ತಪ್ಪು ಮಾಡಿದವರನ್ನು ಕೋರ್ಟಿಗೆ ತರಬೇಕು. ಯಾರಿಗೂ ಇಷ್ಟದ ಕೆಲಸ ಅಲ್ಲ. ದುಡ್ಡು ಕೊಟ್ಟು ತಪ್ಪಿಸಿಕೊಂಡವರೂ ಇದ್ದಾರೆ. ಬೇರೆ ಮೇನರ್‌ಗಳಲ್ಲಿ ಇವನ ಹೆಸರು ರೀವ್.

ಒಂದು ಹೊಲ ಯಾರದ್ದು ಅಂತ ತಕರಾರು ಬಂದರೆ ಹನ್ನೆರಡು ಜನರನ್ನು ಪ್ರಮಾಣ ಮಾಡಿಸಿ ಕೇಳುತ್ತಾರೆ. ಅವರು ಊರಿನ ಪದ್ಧತಿ ಇದು, ಹಿಂದೆ ಹೀಗೆ ನಡೆದಿತ್ತು ಅಂತ ಹೇಳಿದರೆ ಸ್ಟೂವರ್ಡ್ ಅದನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ದಂಡದ ಮೊತ್ತ ಗೊತ್ತು ಮಾಡುವವರೂ ಪ್ರಮಾಣ ಮಾಡಿದ ಒಕ್ಕಲುಗಳೇ. ತಪ್ಪು ಮಾಡಿದವನ ಯೋಗ್ಯತೆ ನೋಡಿ ಹಾಕುತ್ತಾರೆ. ಬಡವನಿಗೆ ಎಷ್ಟೋ ಸಲ ಪೂರ್ತಿ ಮಾಫಿ, ಅಂಚಿನಲ್ಲಿ ಬಡವ ಅಂತ ಒಂದು ಪದ. ಆ ಪದ ಕಂಡಾಗಲೆಲ್ಲ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ದಂಡ ಹೀಗೆ ನೆರೆಯವರ ಪ್ರಮಾಣದ ಮೇಲೆ ನಿಲ್ಲಬೇಕು, ಉಳುಮೆಯ ಸಾಧನ ಕಿತ್ತುಕೊಳ್ಳುವಷ್ಟು ಇರಬಾರದು ಅನ್ನುವ ಮಾತು 1215ರ ಮ್ಯಾಗ್ನಾ ಕಾರ್ಟಾದಲ್ಲೂ ಇದೆ.

ಹಾಗಂತ ಇದು ಊರಿನವರ ಪಂಚಾಯಿತಿ ಅಂದುಕೊಂಡರೆ ತಪ್ಪಾಗುತ್ತದೆ. ಸ್ವತಂತ್ರರಲ್ಲದ, ಒಡೆಯನಿಗೆ ಕಟ್ಟುಬಿದ್ದ ಒಕ್ಕಲುಗಳ ಕಥೆ ಕಠಿಣ. ಜಮೀನಿನ ವಿಷಯಕ್ಕೆ ಅವರು ರಾಜನ ಕೋರ್ಟಿಗೆ ಹೋಗುವಂತಿರಲಿಲ್ಲ. ಎಷ್ಟೋ ಮೇನರ್‌ಗಳಲ್ಲಿ ಮಗಳ ಮದುವೆಗೆ ದುಡ್ಡು ಕೊಟ್ಟು ಅಪ್ಪಣೆ ಪಡೆಯಬೇಕು. ಊರು ಬಿಟ್ಟು ಇರಲು ವರ್ಷವರ್ಷವೂ ಕಟ್ಟಬೇಕು. ಅಪ್ಪ ಸತ್ತರೆ ಮನೆಯ ಒಳ್ಳೆಯ ದನ ಒಡೆಯನ ಕೊಟ್ಟಿಗೆಗೆ ಹೋಗುತ್ತದೆ, ಆಮೇಲೆ ಜಮೀನಿಗೆ ಬರಲು ಮಗ ಕಾಣಿಕೆಯನ್ನೂ ಕೊಡಬೇಕು. ಒಡೆಯನ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕು. ಸೇಂಟ್ ಆಲ್ಬನ್ಸ್‌ನ ಮಠದವರು ಒಕ್ಕಲುಗಳ ಬೀಸುವ ಕಲ್ಲುಗಳನ್ನೇ ಕಿತ್ತುಕೊಂಡು ಮಠದ ಕೋಣೆಗೆ ನೆಲಹಾಸು ಮಾಡಿದ್ದರು. 1381ರ ರೈತರ ದಂಗೆಯಲ್ಲಿ ಜನ ನುಗ್ಗಿ ಆ ನೆಲ ಅಗೆದು ಕಲ್ಲುಗಳನ್ನು ಒಡೆದು ಹಂಚಿಕೊಂಡರು. ಅದೇ ದಂಗೆಯಲ್ಲಿ ಅನೇಕ ಕಡೆ ಕೋರ್ಟಿನ ಸುರುಳಿಗಳನ್ನು ರಾಶಿ ಹಾಕಿ ಸುಟ್ಟರು. ತಮ್ಮ ಅಜ್ಜ ಯಾರ ಆಳು, ಎಷ್ಟು ದಿನ ಬಿಟ್ಟಿ ಕೆಲಸ ಮಾಡಬೇಕಿತ್ತು ಅನ್ನುವುದಕ್ಕೆಲ್ಲ ಸಾಕ್ಷಿ ಅದರಲ್ಲಿತ್ತು. ಸುಟ್ಟವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಅದೇ ಸುರುಳಿ ಒಕ್ಕಲಿನ ಆಸ್ತಿ ಪತ್ರವೂ ಆಯಿತು. ಜಮೀನಿನ ಜಾಡು ಹಿಡಿದು ಹೋದದ್ದರಿಂದಲೇ ನನಗಿದು ಕಂಡಿತು. ಮಾರುವವನು ಕೋರ್ಟಿಗೆ ಬಂದು ಜಮೀನನ್ನು ಒಡೆಯನ ಕೈಗೆ ಒಪ್ಪಿಸುತ್ತಾನೆ, ಇಂಥವನಿಗೆ ಕೊಡಿ ಅಂತ ಹೇಳುತ್ತಾನೆ. ಕೊಳ್ಳುವವನು ಕಾಣಿಕೆ ಕಟ್ಟುತ್ತಾನೆ. ಎಷ್ಟೋ ಕಡೆ ಸ್ಟೂವರ್ಡ್ ಒಂದು ಕೋಲಿನ ತುದಿ ಹಿಡಿಸಿ ಅವನನ್ನು ಒಕ್ಕಲಾಗಿ ಸೇರಿಸಿಕೊಳ್ಳುತ್ತಾನೆ. ಗುಮಾಸ್ತ ಬರೆಯುತ್ತಾನೆ. ಕಾಗದದ ಮೇಲೆ ಎಲ್ಲವೂ ಒಡೆಯನ ಇಷ್ಟದಂತೆ. ನಡೆಯುತ್ತಿದ್ದದ್ದು ಮಾತ್ರ ರೈತರ ನಡುವಿನ ಕೊಡುಕೊಳ್ಳುವಿಕೆ. ಮುಂದೆ ಆ ನಮೂದಿನ ನಕಲನ್ನು ಒಕ್ಕಲಿನ ಕೈಗೆ ಕೊಡುವ ರೂಢಿ ಬಂತು. ನಮ್ಮಲ್ಲಿ ಪಹಣಿ ಜೋಪಾನ ಮಾಡುವ ಹಾಗೆ ಅವರು ಆ ನಕಲನ್ನು ಜೋಪಾನ ಮಾಡಿದರು. ಕಾಪಿಹೋಲ್ಡ್ ಅನ್ನುವ ಹಕ್ಕು ಹುಟ್ಟಿದ್ದು ಹೀಗೆ. 1926ರ ಜನವರಿ 1ರಿಂದ ಕಾನೂನು ಅದನ್ನು ತೆಗೆಯುವವರೆಗೂ ಇತ್ತು. ವೇಕ್‌ಫೀಲ್ಡಿನ ಸಾಲು 1925ಕ್ಕೆ ಮುಗಿಯುವುದೂ ಅದಕ್ಕೇ.

ನನ್ನನ್ನು ಜಾಸ್ತಿ ಹಿಡಿದಿಟ್ಟ ನಮೂದುಗಳು ವಯಸ್ಸಾದವರವು. ಇದು ವೇಕ್‌ಫೀಲ್ಡಿನದ್ದಷ್ಟೇ ಅಲ್ಲ, ಇಂಗ್ಲೆಂಡಿನ ಎಷ್ಟೋ ಮೇನರ್‌ಗಳಲ್ಲಿದೆ. ದುಡಿಯಲಾಗದ ಅಪ್ಪ ಅಥವಾ ವಿಧವೆ ತಾಯಿ ಮಗನಿಗೆ ಜಮೀನು ಬಿಟ್ಟುಕೊಡುತ್ತಾರೆ. ಬದಲಿಗೆ ಇರಲು ಒಂದು ಕೋಣೆ, ವರ್ಷಕ್ಕೆ ಇಷ್ಟು ಗೋಧಿ, ಇಷ್ಟು ಬಾರ್ಲಿ, ಬಟ್ಟೆ, ಒಲೆಯ ಹತ್ತಿರ ಜಾಗ. ಮಗ ಮಾತು ತಪ್ಪಿದರೆ ಜಮೀನು ವಾಪಸ್. ಮನೆಯೊಳಗೆ ಬಾಯಿ ಮಾತಲ್ಲಿ ಮುಗಿಸಬಹುದಿತ್ತು. ಆದರೂ ಎಲ್ಲರ ಮುಂದೆ ಹೇಳಿ ಬರೆಸಿದರು. ಕೋರ್ಟನ್ನು ಜನ ಬರೀ ದಂಡ ಕಟ್ಟುವ ಜಾಗ ಅಂದುಕೊಂಡಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಸಿಕ್ಕಿಲ್ಲ.

1348 ಮತ್ತು 1350ರ ನಡುವಿನ ಹಾಳೆಗಳನ್ನು ಓದುವುದು ಬೇರೆ ಅನುಭವ. ಮಹಾ ಪಿಡುಗಿನ, ಅಂದರೆ ಪ್ಲೇಗಿನ ಕಾಲ. ಗುಮಾಸ್ತ ರೋಗದ ವರ್ಣನೆ ಮಾಡುವುದಿಲ್ಲ. ಇಂಥವನು ಸತ್ತ, ವಾರಸುದಾರ ಬಂದು ಕಾಣಿಕೆ ಕಟ್ಟಿದ ಅನ್ನುವ ಸಾಲುಗಳೇ ಒಂದರ ಹಿಂದೆ ಒಂದು. ಅಷ್ಟೆಲ್ಲ ಸಾವಿನ ನಡುವೆಯೂ ಕೋರ್ಟು ಕೂಡಿತು. ಪಿಡುಗಿನ ನಂತರ ಒಕ್ಕಲುಗಳು ಕಡಿಮೆಯಾದರು, ಜಮೀನು ಉಳಿಯಿತು. ಒಡೆಯರಿಗೆ ಜನ ಬೇಕಾಗಿದ್ದರಿಂದ ಮುಂದಿನ ನೂರು ವರ್ಷಗಳಲ್ಲಿ ಬಿಟ್ಟಿ ಕೆಲಸ, ಅಪ್ಪಣೆಯ ಹಣ ಎಲ್ಲ ಮೆಲ್ಲಗೆ ಸಡಿಲವಾದವು.

ಊರಿನ ಕಟ್ಟುಪಾಡುಗಳನ್ನೂ ಬಿಡದೆ ನೋಡಿ. ಸುಗ್ಗಿಯಲ್ಲಿ ರಾತ್ರಿ ಹೊತ್ತು ಸಿವುಡು ಸಾಗಿಸಬಾರದು. ಕೂಲಿ ಮಾಡುವ ಶಕ್ತಿ ಇದ್ದವರು ಹಕ್ಕಲು ಆಯಬಾರದು, ಅದು ಕೈಲಾಗದವರ ಪಾಲು. ತಪ್ಪಿಸಿಕೊಂಡ ದನ ದೊಡ್ಡಿಗೆ. ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಕ್ಸ್ಟನ್‌ನಲ್ಲಿ ಈಗಲೂ ಊರಿನ ಬಯಲು ಹೊಲಗಳನ್ನು ರೈತರ ಜ್ಯೂರಿ ಪ್ರತಿ ವರ್ಷ ನಡೆದು ನೋಡುತ್ತದೆ. ಗಡಿ ಮೀರಿ ಉತ್ತವರಿಗೆ ಕೋರ್ಟ್ ಲೀಟ್ ದಂಡ ಹಾಕುತ್ತದೆ.

ಈ ದಾಖಲೆಗಳಲ್ಲಿ ಎಲ್ಲರೂ ಒಂದೇ ಸಮ ಕಾಣುವುದಿಲ್ಲ. ಜಮೀನಿದ್ದವರು ಮತ್ತೆ ಮತ್ತೆ ಬರುತ್ತಾರೆ. ಒಕ್ಕಲಿನ ಕೆಳಗೆ ಒಳಗೇಣಿಗೆ ಇದ್ದವರು, ಕೂಲಿಯವರು ದಂಡ ಬಿದ್ದಾಗಷ್ಟೇ ಇಣುಕುತ್ತಾರೆ. ಮದುವೆಯಾದ ಹೆಂಗಸರು ಗಂಡನ ಹೆಸರಿನ ಹಿಂದೆ ಮರೆಯಾಗುತ್ತಾರೆ. ಬಿಯರು ಮಾಡಿ ಮಾರಿದ್ದಕ್ಕೆ ಕಟ್ಟಿದ ದಂಡದ ಪಟ್ಟಿಯಲ್ಲಿ ಮಾತ್ರ ಸಾಲಾಗಿ ಸಿಗುತ್ತಾರೆ. ಅದು ಹೆಸರಿಗೆ ದಂಡ, ನಿಜದಲ್ಲಿ ಮಾರುವ ಪರವಾನಗಿಯ ಶುಲ್ಕದ ಹಾಗಿತ್ತು. ಅದಕ್ಕೇ ಈಗ ಅದೇ ಊರಿನ ಬಿಯರ್ ಪಟ್ಟಿಗಳನ್ನು ಬೇರೆಯಾಗಿ ಬರೆದುಕೊಳ್ಳುತ್ತಿದ್ದೇನೆ. ಜಮೀನಿನ ಪಟ್ಟಿಯ ಜೊತೆ ಇಟ್ಟು ನೋಡಿದರೆ ಯಾವ ಮನೆಯ ಹೆಂಗಸು ಎಷ್ಟು ವರ್ಷ ಬಿಯರು ಮಾಡಿದಳು, ಗಂಡ ಸತ್ತ ಮೇಲೂ ಮುಂದುವರಿಸಿದಳೇ ಅನ್ನುವುದು ಗೊತ್ತಾಗಬಹುದು.

ಶುರು ಮಾಡುವವರಿಗೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲೆಗಳ ಕಚೇರಿ ಮೇನರ್ ದಾಖಲೆಗಳ ಸೂಚಿ ಇಟ್ಟಿದೆ. ಯಾವ ಮೇನರಿನ ಸುರುಳಿ ಎಲ್ಲಿದೆ ಅಂತ ಅದನ್ನು ಆನ್‌ಲೈನಿನಲ್ಲೇ ನೋಡಬಹುದು. ಬೆಂಗಳೂರಿನಲ್ಲಿ ಕೂತೂ ನೋಡಬಹುದು. ಅಚ್ಚಾದ ಸಂಪುಟವಿರುವ ಒಂದು ಮೇನರ್ ಆರಿಸಿ, ಒಂದೇ ಊರು ಹಿಡಿಯಿರಿ.