ಕೋಡ್ ಬರೆಯಲು ನಾನೇ ಮಾಡಿಕೊಂಡ ಫಾಂಟ್

ಮಾನೋಸ್ಪೇಸ್, ಅಂದರೆ ಎಲ್ಲ ಅಕ್ಷರಗಳಿಗೂ ಒಂದೇ ಅಗಲ ಇರುವ ಫಾಂಟ್ ಮಾಡಲು ಕೂತರೆ ಮೊದಲು ಅಗಲ ಗಟ್ಟಿ ಮಾಡಿಕೊಳ್ಳಬೇಕು. ಫಾಂಟ್ ಸೈಜ್ 1000 ಯೂನಿಟ್ ಆದರೆ ಪ್ರತಿ ಅಕ್ಷರಕ್ಕೂ 600 ಯೂನಿಟ್ ಅಗಲ ಎಂದು ನಾನು ಇಟ್ಟುಕೊಂಡೆ. 2012ರ ಸೋರ್ಸ್ ಕೋಡ್ ಪ್ರೊ, 2020ರ ಜೆಟ್‌ಬ್ರೇನ್ಸ್ ಮಾನೋ ಎರಡೂ ಫಾಂಟ್‌ಗಳಲ್ಲಿ ಇಷ್ಟೇ. ಇನ್ನೂ ಕಿರಿದು ಮಾಡಿದರೆ ಸಾಲಿನಲ್ಲಿ ಜಾಸ್ತಿ ಕೋಡ್ ಹಿಡಿಸುತ್ತದೆ, ನಿಜ. ಆದರೆ ಅಕ್ಷರಗಳು ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಕಾಣುತ್ತವೆ.

ತಲೆ ತಿಂದದ್ದು ಇಂಗ್ಲಿಷ್‌ನ ಚಿಕ್ಕ ಐ (i) ಮತ್ತು ಚಿಕ್ಕ ಎಮ್ (m). ಒಂದಕ್ಕೆ ಒಂದೇ ಕಾಲು, ಇನ್ನೊಂದಕ್ಕೆ ಮೂರು. ಜಾಗ ಮಾತ್ರ ಇಬ್ಬರಿಗೂ ಅಷ್ಟೇ! ಐ ಸುತ್ತ ಖಾಲಿ ಉಳಿಯದಿರಲಿ ಎಂದು ಮೇಲೆ ಎಡಕ್ಕೊಂದು ಗೆರೆ, ಕೆಳಗೆ ಅಗಲವಾದ ಪಾದ ಕೊಟ್ಟೆ. ಸ್ಯಾನ್ಸ್ ಸೆರಿಫ್ (ಅಕ್ಷರದ ತುದಿಗಳಲ್ಲಿ ಪಾದವಿಲ್ಲದ ಶೈಲಿ) ಎಂದ ಮೇಲೆ ಪಾದ ಯಾಕೆ ಎಂದು ಕೇಳಬಹುದು. ಮಾನೋಸ್ಪೇಸ್‌ನಲ್ಲಿ ಇದು ಎಲ್ಲರೂ ಮಾಡಿಕೊಳ್ಳುವ ರಾಜಿ. ಎಮ್‌ನ ಮೂರೂ ಕಾಲು ತೆಳ್ಳಗೆ ಮಾಡಿ, ನಡುವಿನದನ್ನು ಗಿಡ್ಡ ಮಾಡಿದೆ. ಇಲ್ಲದಿದ್ದರೆ ಸಾಲಿನ ಮಧ್ಯೆ ಎಮ್ ಬಂದಲ್ಲೆಲ್ಲ ಕಪ್ಪು ಮಚ್ಚೆ ಬಿದ್ದಂತೆ ಇರುತ್ತದೆ. ಕಣ್ಣು ಕಿರಿದು ಮಾಡಿಕೊಂಡು ದೂರದಿಂದ ನೋಡಿ, ಯಾವ ಅಕ್ಷರ ಎದ್ದು ಕಾಣುತ್ತದೋ ಅದನ್ನೇ ಮತ್ತೆ ತಿದ್ದುತ್ತಿದ್ದೆ.

ಅಂಕಿ ಒಂದು (1), ಚಿಕ್ಕ ಎಲ್ (l), ದೊಡ್ಡ ಐ (I) ಮೂರೂ ಬೇರೆ ಬೇರೆ ಕಾಣಲೇಬೇಕು. ಎಲ್‌ಗೆ ಬಲಕ್ಕೆ ಬಾಗಿದ ಬಾಲ, ಒಂದಕ್ಕೆ ಮೇಲೆ ಓರೆ ಗೆರೆ, ಐಗೆ ಮೇಲೂ ಕೆಳಗೂ ಅಡ್ಡಗೆರೆ. ಸೊನ್ನೆಯೊಳಗೆ ಚುಕ್ಕಿ ಇಟ್ಟರೆ ಸಣ್ಣ ಸೈಜ್‌ನಲ್ಲಿ ಅದು ಎಂಟರ ಹಾಗೆ ಮಸುಕಾಗುತ್ತದೆ. ಹಾಗಾಗಿ ಓರೆ ಗೆರೆ ಎಳೆದೆ, ಸೊನ್ನೆಯ ಹೊರಗೆ ಚಾಚದ ಹಾಗೆ.

ಚಿಹ್ನೆಗಳನ್ನು ಸುಮ್ನೆ ಕೊನೆಗೆ ಬಿಡಬೇಡಿ. ಕೋಡ್‌ನಲ್ಲಿ ಒಂದು ಕಾಮಾ ತಪ್ಪಿ ಓದಿದರೂ ಕಥೆ ಮುಗಿಯಿತು, ಅಲ್ವಾ? ಚುಕ್ಕಿ ದಪ್ಪ ಮಾಡಿ, ಕಾಮಾದ ಬಾಲ ಉದ್ದ ಮಾಡಿದೆ. ನಕ್ಷತ್ರ ಚಿಹ್ನೆಯನ್ನು ಕೆಳಗಿಳಿಸಿ ಪ್ಲಸ್, ಮೈನಸ್, ಈಕ್ವಲ್‌ಗಳ ನಡುಗೆರೆಗೇ ತಂದೆ. ಲಿಗೇಚರ್, ಅಂದರೆ ಅಕ್ಷರಗಳನ್ನು ಕೂಡಿಸಿ ಒಂದೇ ಆಕಾರ ಮಾಡುವುದು, ಹಾಕಲಿಲ್ಲ. ಫೈಲ್‌ನಲ್ಲಿ ಎರಡು ಅಕ್ಷರ ಇದ್ದು ಪರದೆಯಲ್ಲಿ ಒಂದೇ ಆಕಾರ ಕಂಡರೆ ನನಗೆ ಕಿರಿಕಿರಿ. ಲಿಗೇಚರ್ ಇರುವ ಫಿರಾ ಕೋಡ್ ಫಾಂಟ್ ಇಷ್ಟಪಡುವವರು ಒಪ್ಪಲಿಕ್ಕಿಲ್ಲ.

ಬೋಲ್ಡ್‌ನ ಅಗಲವೂ ಅಷ್ಟೇ ಇರಬೇಕು. ಎಡಿಟರ್ ಒಂದು ಕೀವರ್ಡನ್ನು ದಪ್ಪ ಮಾಡಿದ ಕೂಡಲೇ ಕಾಲಮ್‌ಗಳು ಸರಿದರೆ ಮಾನೋಸ್ಪೇಸ್ ಆಗಿ ಏನು ಬಂತು? ಹಾಗಾಗಿ ದಪ್ಪವೆಲ್ಲ ಅಕ್ಷರದ ಒಳಗಿನ ಬಿಳಿ ಜಾಗವನ್ನು ತಿಂದುಕೊಂಡೇ ಬೆಳೆಯಬೇಕು.

ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಚೌಕಟ್ಟು ಬಿಡಿಸುವ ಗೆರೆ ಚಿಹ್ನೆಗಳು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 128 ಇವೆ. ಅಕ್ಕಪಕ್ಕದ, ಮೇಲೆ ಕೆಳಗಿನ ಗೆರೆಗಳು ಬಿರುಕಿಲ್ಲದೆ ಕೂಡಬೇಕು. ಫಾಂಟ್ ಫೈಲ್‌ನಲ್ಲಿ ಸಾಲಿನ ಎತ್ತರವನ್ನು ಮೂರು ಕಡೆ ಬರೆಯಬೇಕಾಗುತ್ತದೆ. ಯಾವ ಸಿಸ್ಟಮ್ ಯಾವುದನ್ನು ಓದುತ್ತದೆ ಎಂಬ ತಲೆನೋವೇ ಬೇಡ ಎಂದು ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟೆ. 'ಇದು ಒಂದೇ ಅಗಲದ ಫಾಂಟ್' ಎಂಬ ಗುರುತನ್ನೂ ಫೈಲ್‌ನಲ್ಲಿ ಹಾಕಬೇಕು. ಅದಿಲ್ಲದಿದ್ದರೆ ಕೆಲವು ಟರ್ಮಿನಲ್‌ಗಳ ಪಟ್ಟಿಯಲ್ಲಿ ಫಾಂಟ್ ಕಾಣುವುದೇ ಇಲ್ಲ.

ಇಟಾಲಿಕ್ ಇನ್ನೂ ಮಾಡಿಲ್ಲ. ಸದ್ಯಕ್ಕೆ ಕಾಮೆಂಟ್‌ಗಳಿಗೆ (ಕೋಡ್‌ನೊಳಗೆ ಬರೆಯುವ ಟಿಪ್ಪಣಿ) ಬೂದು ಬಣ್ಣ ಸಾಕು.