ಕ್ಲೋರಿನ್ ಇತ್ತು, ಆದರೂ ನೀರು ಹಸಿರಾಯ್ತು: ಸ್ಪೇನ್ ಮನೆಯ ಈಜುಕೊಳ, ನನ್ನ ಅನುಭವ

2023ರ ಜುಲೈ. ಲಂಡನ್ನಿನಿಂದ ಅಲಿಕಾಂಟೆಗೆ ಎರಡೂವರೆ ಗಂಟೆ ವಿಮಾನ, ಅಲ್ಲಿಂದ ಮೊರೈರಾ ಕಡೆಗೆ ಒಂದು ಗಂಟೆಗೂ ಜಾಸ್ತಿ ಕಾರು. ರಾತ್ರಿ ಹನ್ನೊಂದಕ್ಕೆ ಮನೆ ಸೇರಿ ಮಲಗಿದೆವು. ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದರೆ ಈಜುಕೊಳ ಪಾಲಕ್ ಸೊಪ್ಪು ಬೇಯಿಸಿದ ನೀರಿನ ಹಾಗಿತ್ತು. ಆ ಸಲ ತುಮಕೂರಿನಿಂದ ಅಮ್ಮನೂ ಬಂದಿದ್ದರು. ಅಂಚಿನಲ್ಲಿ ನಿಂತು ಇಣುಕಿ, "ಇದೇನೋ, ನಮ್ಮೂರ ಕಟ್ಟೆ ನೋಡಿದ ಹಾಗಾಯ್ತಲ್ಲೋ. ಇದಕ್ಕೇನಾ ಅಷ್ಟು ದುಡ್ಡು ಸುರಿದಿದ್ದು?" ಅಂದರು.

ಟೆಸ್ಟ್ ಕಿಟ್ ತಂದು ನೋಡಿದೆ. ಕ್ಲೋರಿನ್ 3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ. ಪುಸ್ತಕದ ಪ್ರಕಾರ 1ರಿಂದ 3 ಇದ್ದರೆ ಸಾಕು. ಅಂದರೆ ಕ್ಲೋರಿನ್ ಇದೆ, ಪಾಚಿಯೂ ಇದೆ. ಇಬ್ಬರೂ ಒಂದೇ ಮನೆಯಲ್ಲಿ ಆರಾಮಾಗಿದ್ದಾರೆ. ನನಗೆ ತಲೆ ಕೆಟ್ಟುಹೋಯಿತು.

ಮೊದಲು ಕೊಳದ ಬಗ್ಗೆ ಹೇಳಿಬಿಡುತ್ತೇನೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ. 48 ಸಾವಿರ ಲೀಟರ್ ನೀರು. ಈ ಲೆಕ್ಕವನ್ನು ಗೋಡೆ ಮೇಲೆ ಬರೆದಿಟ್ಟಿದ್ದೇನೆ, ಯಾಕೆಂದರೆ ಏನು ಹಾಕಬೇಕಾದರೂ ಇಲ್ಲಿಂದಲೇ ಶುರು. ಮನೆ ಕೊಂಡದ್ದು 2021ರ ಕೊನೆಯಲ್ಲಿ. ನಮ್ಮದು ಬ್ರಿಟಿಷ್ ಪಾಸ್‌ಪೋರ್ಟ್. ಬ್ರೆಕ್ಸಿಟ್ ಆದಮೇಲೆ ಪ್ರತಿ 180 ದಿನಗಳಲ್ಲಿ 90 ದಿನಕ್ಕಿಂತ ಜಾಸ್ತಿ ಅಲ್ಲಿ ಇರುವ ಹಾಗಿಲ್ಲ. ಕೆಲಸ, ಮಕ್ಕಳ ಶಾಲೆ ನೋಡಿದರೆ ಅಷ್ಟೂ ಸಿಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಒಬ್ಬರು ಬಂದು ಕೊಳ ನೋಡಿಕೊಳ್ಳುತ್ತಾರೆ. ಅಲ್ಲಿ ಅವರನ್ನು ಪಿಸಿನೆರೊ ಅನ್ನುತ್ತಾರೆ.

ವಾರಕ್ಕೊಂದು ಸಲ ಬರುವವರು ಏನು ಮಾಡಬಹುದು? ನಿಧಾನಕ್ಕೆ ಕರಗುವ ಕ್ಲೋರಿನ್ ಮಾತ್ರೆ ಇಟ್ಟು ಹೋಗುತ್ತಾರೆ. ನಮ್ಮ ಕೊಳಕ್ಕೆ ವಾರಕ್ಕೆ 200 ಗ್ರಾಂನ ಎರಡು ಮಾತ್ರೆ. ಅಲ್ಲೇ ಇತ್ತು ಎಡವಟ್ಟು.

ಈ ಮಾತ್ರೆಯಲ್ಲಿರುವುದು ಟ್ರೈಕ್ಲೋರ್. ಅಂದರೆ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಸಿಡ್ ಅಂಟಿಕೊಂಡೇ ಬರುತ್ತದೆ. ಇದನ್ನು ಸ್ಟೆಬಿಲೈಸರ್ ಅನ್ನುತ್ತಾರೆ. ಸ್ವಲ್ಪ ಇದ್ದರೆ ಒಳ್ಳೆಯದೇ. ನಮ್ಮೂರಲ್ಲಿ ಅಪ್ಪ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು, ಅದರಲ್ಲಿ ಸ್ಟೆಬಿಲೈಸರ್ ಇಲ್ಲ. ಬಾವಿಯೊಳಗೆ ನೆರಳು, ನಡೆಯುತ್ತದೆ. ಆದರೆ ಮೆಡಿಟರೇನಿಯನ್ ಬಿಸಿಲಿಗೆ ಬಿದ್ದ ಬರೀ ಕ್ಲೋರಿನ್ ಮೂರ್ನಾಲ್ಕು ಗಂಟೆಯಲ್ಲಿ ಬಹುಪಾಲು ಖಾಲಿ. ಸ್ಟೆಬಿಲೈಸರ್ ಅದಕ್ಕೆ ಕೊಡೆ ಹಿಡಿಯುತ್ತದೆ. ತೊಂದರೆ ಏನೆಂದರೆ, ಕೊಡೆ ಜಾಸ್ತಿಯಾದರೆ ಕ್ಲೋರಿನ್ ಅದರಡಿಯಿಂದ ಹೊರಗೆ ಬರುವುದೇ ಇಲ್ಲ. ಕಿಟ್‌ನಲ್ಲಿ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಆಗುವುದಿಲ್ಲ. ನೀರು ಆವಿಯಾದರೂ ಇದು ಉಳಿಯುತ್ತದೆ. ಒಂದು ಮಾತ್ರೆಗೆ ನನ್ನ ಕೊಳದಲ್ಲಿ ಸುಮಾರು 2.3 ಪಿಪಿಎಂ ಸ್ಟೆಬಿಲೈಸರ್ ಏರುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ 22 ವಾರ, 44 ಮಾತ್ರೆ. ಒಂದೇ ಬೇಸಿಗೆಗೆ 100 ದಾಟಿತು! ಮಳೆಗೆ, ಫಿಲ್ಟರ್ ತೊಳೆಯುವಾಗ ಒಂದಷ್ಟು ಹೋಗುತ್ತದೆ, ನಿಜ. ಆದರೆ ಇರಬೇಕಾದ್ದು 30ರಿಂದ 50.

ಸ್ಟೆಬಿಲೈಸರ್ ಅಳೆಯಲು ನನ್ನ ಹತ್ತಿರ ಇದ್ದದ್ದು ಬಣ್ಣ ಬದಲಾಗುವ ಕಾಗದದ ಪಟ್ಟಿ. ಅದನ್ನು ನಂಬಬೇಡಿ. ಅಂಗಡಿಯಿಂದ ತಳದಲ್ಲಿ ಕಪ್ಪು ಚುಕ್ಕೆ ಇರುವ ಕೊಳವೆಯ ಕಿಟ್ ತಂದೆ. ನೀರಿಗೆ ಔಷಧಿ ಬೆರೆಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಕೊಳವೆಗೆ ಸುರಿಯುತ್ತಾ ಹೋಗಬೇಕು, ಚುಕ್ಕೆ ಮರೆಯಾದ ಕಡೆ ಓದಬೇಕು. ನನ್ನದು ಸುರಿಯಲು ಶುರು ಮಾಡುತ್ತಲೇ ಮರೆಯಾಯಿತು. ಕಿಟ್ ಅಳತೆ 100ಕ್ಕೇ ನಿಲ್ಲುತ್ತದೆ. ಹಾಗಾಗಿ ಅರ್ಧ ಕೊಳದ ನೀರು, ಅರ್ಧ ನಲ್ಲಿ ನೀರು ಬೆರೆಸಿ ಮತ್ತೆ ನೋಡಿದೆ. 70 ಬಂತು. ಅಂದರೆ ಅಸಲಿಗೆ 140. ಸ್ಟೆಬಿಲೈಸರ್‌ನ ಏಳೂವರೆ ಪರ್ಸೆಂಟ್‌ನಷ್ಟಾದರೂ ಕ್ಲೋರಿನ್ ಇರಬೇಕು ಅನ್ನುವುದು ಈ ಕೆಲಸ ಮಾಡುವವರ ಲೆಕ್ಕ. ನನಗೆ ಬೇಕಿದ್ದದ್ದು ಹತ್ತರ ಹತ್ತಿರ, ಇದ್ದದ್ದು ಮೂರು.

ಪಿಸಿನೆರೊಗೆ ಹೇಳಿದರೆ "ಇನ್ನೆರಡು ಮಾತ್ರೆ ಹಾಕೋಣ" ಅಂದರು. ಅಮ್ಮನಿಗೆ ವಿವರಿಸಿದೆ. ಅವರು, "ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸಬೇಕು ಕಣೋ, ಇನ್ನೇನು ಮಾಡ್ತೀಯ" ಅಂದರು. ಅಷ್ಟೇ ಪರಿಹಾರ. ಸ್ಟೆಬಿಲೈಸರ್ ಇಳಿಸಲು ನೀರು ಬದಲಿಸುವುದಕ್ಕಿಂತ ನಂಬಿಕೆಯ ದಾರಿ ಇನ್ನೊಂದು ನನಗೆ ಸಿಕ್ಕಿಲ್ಲ.

ಪೂರ್ತಿ ಖಾಲಿ ಮಾಡಬೇಡಿ. ಖಾಲಿ ತೊಟ್ಟಿಯನ್ನು ಕೆಳಗಿನ ಅಂತರ್ಜಲ ಮೇಲಕ್ಕೆ ತಳ್ಳಬಹುದು. ಜುಲೈ ಬಿಸಿಲಿಗೆ ಒಣಗಿದರೆ ಒಳಗಿನ ಸಣ್ಣ ಟೈಲ್ಸ್ ಕಿತ್ತು ಬರುತ್ತವೆ. ನಾನು ಮೊದಲು ಅರ್ಧ ಬದಲಿಸಿದೆ, 140 ಇದ್ದದ್ದು 70 ಆಯಿತು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮೂರನೇ ಒಂದು ಭಾಗ, ಆಗ 45ರ ಸುತ್ತ ನಿಂತಿತು. ಒಟ್ಟು 40 ಸಾವಿರ ಲೀಟರ್. ಅದು ನೀರಿಗೆ ಬರವಿರುವ ಸೀಮೆ, ಮೀಟರ್ ಓಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಬರಗಾಲದ ವರ್ಷ ಕೊಳ ತುಂಬಿಸಲು ನಿರ್ಬಂಧ ಹಾಕುವ ಊರುಗಳೂ ಇವೆ. ಮೊದಲು ಊರಿನ ಪುರಸಭೆಯಲ್ಲಿ ವಿಚಾರಿಸಿಕೊಳ್ಳಿ.

ಅರ್ಧ ನೀರು ತುಂಬಿದ ಮೇಲೆ ಪಾಚಿಯ ಜೊತೆ ಯುದ್ಧ. ಮೊದಲು ಆಸಿಡ್ ಹಾಕಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.8ರಿಂದ 7.2ಕ್ಕೆ ಇಳಿಸಿದೆ. ಆಮೇಲೆ ಬರೀ ದ್ರವ ಕ್ಲೋರಿನ್. 13 ಪರ್ಸೆಂಟ್‌ನದ್ದು ಒಂದು ಲೀಟರ್ ಹಾಕಿದರೆ ನನ್ನ ಕೊಳದಲ್ಲಿ ಸುಮಾರು 3 ಪಿಪಿಎಂ ಏರುತ್ತದೆ. ಬೆಳಿಗ್ಗೆ ಸಂಜೆ ಅಳೆದು ಅಳೆದು ಹಾಕುತ್ತಿದ್ದೆ, ಗೋಡೆ ಮೂಲೆ ಮೂಲೆ ಬ್ರಷ್‌ನಿಂದ ಉಜ್ಜುತ್ತಿದ್ದೆ. ಪಂಪು ಹಗಲೂ ರಾತ್ರಿ ಓಡಿತು. ದಿನಕ್ಕೆರಡು ಸಲ ಮರಳಿನ ಫಿಲ್ಟರ್‌ಗೆ ಹಿಮ್ಮುಖವಾಗಿ ನೀರು ಹರಿಸಿ ತೊಳೆದೆ. ಎರಡನೇ ದಿನ ಹಸಿರು ಹೋಗಿ ನೀರು ಮಜ್ಜಿಗೆಯ ಹಾಗಾಯಿತು. ಗಾಬರಿಯಾಗಬೇಡಿ, ಅದು ಸತ್ತ ಪಾಚಿ. ಐದನೇ ದಿನ ತಳದ ಜಾಲರಿಯ ಸ್ಕ್ರೂ ಕಾಣಿಸಿತು. ಮುಗಿಯಿತು ಅಂತ ಗೊತ್ತಾಗುವುದು ಹೀಗೆ: ರಾತ್ರಿ ಬಿಸಿಲು ಹೋದಮೇಲೆ ಕ್ಲೋರಿನ್ ಅಳೆಯಿರಿ, ಬೆಳಿಗ್ಗೆ ಸೂರ್ಯ ಬರುವ ಮುಂಚೆ ಇನ್ನೊಮ್ಮೆ. ಇಳಿಕೆ ಒಂದು ಪಿಪಿಎಂಗಿಂತ ಕಡಿಮೆಯಿದ್ದರೆ ಕ್ಲೋರಿನ್ ತಿನ್ನುವವರು ಯಾರೂ ಉಳಿದಿಲ್ಲ ಅಂತ. ರಜೆಯ ಒಂದು ವಾರ ಹೀಗೇ ಹೋಯಿತು. ಮಕ್ಕಳು ಸಮುದ್ರಕ್ಕೆ ಹೋದರು, ಹೆಂಡತಿ ಮಾತಾಡಲಿಲ್ಲ.

ಇದೇ ಮೊದಲ ಪರೀಕ್ಷೆ ಏನಲ್ಲ. 2022ರ ಮಾರ್ಚ್ ಮಧ್ಯದಲ್ಲಿ ಸಹಾರಾದ ಧೂಳು ಸ್ಪೇನ್ ಮೇಲೆ ಬಂದಿತ್ತು. ಅದಕ್ಕೆ ಅಲ್ಲಿ ಕಲೀಮಾ ಅನ್ನುತ್ತಾರೆ. ಆಕಾಶ ಕಿತ್ತಳೆ ಬಣ್ಣ, ಬಿದ್ದ ಮಳೆಯೂ ಕೆಸರು. ಅಲ್ಲಿನ ಬಿಳಿ ಮನೆಗಳೆಲ್ಲ ಕಾವಿ ಬಳಿದ ಹಾಗಾಗಿದ್ದವು. ನಮ್ಮ ಕೊಳ ಹೊಸ ಮಳೆಗೆ ತುಂಬಿದ ಕೆರೆಯೇ ಸರಿ. ಅಷ್ಟು ನುಣ್ಣಗಿನ ಧೂಳು ಮರಳಿನ ಫಿಲ್ಟರ್‌ಗೆ ಸಿಕ್ಕುವುದಿಲ್ಲ, ಒಂದು ಕಡೆ ಹೋಗಿ ಇನ್ನೊಂದು ಕಡೆ ವಾಪಸ್ ಬರುತ್ತದೆ. ಅಂಗಡಿಯವರು ಒಂದು ಡಬ್ಬಿ ಕೊಟ್ಟರು. ಲೇಬಲ್ ಓದಿದರೆ ಅಲ್ಯೂಮಿನಿಯಂ ಸಲ್ಫೇಟ್. ಅಯ್ಯೋ, ಇದು ನಮ್ಮ ಪಟಿಕದ ಅಣ್ಣನೋ ತಮ್ಮನೋ ಅಲ್ವಾ! ಅಜ್ಜಿ ಹಂಡೆಯ ಕೆಂಪು ನೀರಿನಲ್ಲಿ ಪಟಿಕದ ಗಟ್ಟಿ ಎರಡು ಸುತ್ತು ತಿರುಗಿಸಿ ರಾತ್ರಿ ಬಿಡುತ್ತಿದ್ದರು, ಬೆಳಿಗ್ಗೆ ಮಣ್ಣು ತಳದಲ್ಲಿ. ಇಲ್ಲೂ ಅದೇ. ಹಾಕಿ, ಸ್ವಲ್ಪ ಹೊತ್ತು ನೀರು ತಿರುಗಿಸಿ, ಪಂಪು ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ತಳದಲ್ಲಿ ಕಂದು ಕಂಬಳಿ ಹಾಸಿದ ಹಾಗಿತ್ತು. ಅದನ್ನು ಹೀರುವಾಗ ಮಾತ್ರ ಎಚ್ಚರ: ವಾಲ್ವ್ ಫಿಲ್ಟರ್ ಕಡೆ ಇರಬಾರದು, ಸೀದಾ ಚರಂಡಿ ಕಡೆ ಇರಬೇಕು. ನಾನು ಮರೆತು ಹತ್ತು ನಿಮಿಷ ಫಿಲ್ಟರ್‌ಗೆ ಬಿಟ್ಟೆ. ಮರುದಿನ ಎಲ್ಲ ಮೊದಲಿನಿಂದ.

2024ರಲ್ಲಿ ಉಪ್ಪಿನ ಕ್ಲೋರಿನೇಟರ್ ಹಾಕಿಸಿದೆ. ನೀರಿಗೆ ಉಪ್ಪು ಕರಗಿಸಿದರೆ ಕರೆಂಟಿನಿಂದ ಅದೇ ಕ್ಲೋರಿನ್ ಮಾಡಿಕೊಳ್ಳುತ್ತದೆ, ಸ್ಟೆಬಿಲೈಸರ್ ಏರುವುದಿಲ್ಲ. ಸಾವಿರ ಲೀಟರಿಗೆ ನಾಲ್ಕೂವರೆ ಕಿಲೋ, ಅಂದರೆ 25 ಕಿಲೋದ ಒಂಬತ್ತು ಚೀಲ. ಹೊತ್ತು ಸೊಂಟ ಹಿಡಿಯಿತು. ಆದರೆ ಇದನ್ನು ಹಾಕಿದರೆ ಚಿಂತೆಯೇ ಇಲ್ಲ ಅನ್ನುವುದು ಮಾರುವವರ ಮಾತು. ಉಪ್ಪಿನ ಕೊಳದಲ್ಲಿ ಪಿಎಚ್ ಮೇಲೇರುತ್ತಲೇ ಇರುತ್ತದೆ. ಆಸಿಡ್ ಹನಿಸುವ ಸಣ್ಣ ಪಂಪು ಜೊತೆಗೆ ಬೇಕೇ ಬೇಕು. ನಲ್ಲಿ ನೀರು ಗಡಸು, ಕ್ಲೋರಿನ್ ಮಾಡುವ ಸೆಲ್‌ನ ತಗಡುಗಳ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇನೆ.

ಪಂಪು ಎಷ್ಟು ಹೊತ್ತು? ನೀರಿನ ಉಷ್ಣತೆಯ ಅರ್ಧ ಅಂತ ಅಲ್ಲಿನವರ ಲೆಕ್ಕ. 28 ಡಿಗ್ರಿ ಇದ್ದರೆ 14 ಗಂಟೆ. ಕರೆಂಟು ಮಧ್ಯರಾತ್ರಿಯಿಂದ ಬೆಳಿಗ್ಗೆ 8ರವರೆಗೆ, ಶನಿವಾರ ಭಾನುವಾರ ಇಡೀ ದಿನ ಅಗ್ಗ. ಬೆಳಿಗ್ಗೆ 10ರಿಂದ 2, ಸಂಜೆ 6ರಿಂದ 10 ತುಟ್ಟಿ. ಹಾಗಂತ ರಾತ್ರಿ ಮಾತ್ರ ಓಡಿಸಿದರೆ ಬಿಸಿಲಿನಲ್ಲಿ ಕ್ಲೋರಿನ್ ಹುಟ್ಟುವುದಿಲ್ಲ. ನಾನು ರಾತ್ರಿ ಎಂಟು ಗಂಟೆ, ಮಧ್ಯಾಹ್ನ 2ರಿಂದ 6, ಉಳಿದದ್ದು ಬೆಳಿಗ್ಗೆ 8ರಿಂದ 10 ಅಂತ ಟೈಮರ್ ಇಟ್ಟಿದ್ದೇನೆ.

ನೀರು ಇಳಿಯುತ್ತಿದ್ದರೆ ತಕ್ಷಣ ಸೋರಿಕೆ ಅಂತ ನೆಲ ಅಗೆಸಬೇಡಿ. ಬಕೆಟ್ ತುಂಬಿ ಕೊಳದ ಮೆಟ್ಟಿಲ ಮೇಲಿಡಿ, ಒಳಗೂ ಹೊರಗೂ ಮಟ್ಟಕ್ಕೆ ಗುರುತು ಹಾಕಿ. ಎರಡು ದಿನ ಬಿಟ್ಟು ಎರಡೂ ಒಂದೇ ಸಮ ಇಳಿದಿದ್ದರೆ ಬರೀ ಆವಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಅಂದರೂ ನನ್ನ ಕೊಳದಿಂದ 160 ಲೀಟರ್ ಗಾಳಿಗೆ ಹೋಗುತ್ತದೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆಸಿಡ್ ಮತ್ತು ಕ್ಲೋರಿನ್ ಒಂದೇ ಕಡೆ ಇಡಬೇಡಿ, ಒಂದೇ ಬಕೆಟ್ಟಿನಲ್ಲಿ ಬಳಸಬೇಡಿ. ಮಾತ್ರೆಯ ಡಬ್ಬಿಗೆ ಬ್ಲೀಚಿಂಗ್ ಪೌಡರ್ ತಾಗಿದರೆ ಬೆಂಕಿಯೇ ಹತ್ತಬಹುದು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಅಲ್ಲ. ಒಂದು ದಿನ ಬಿಸಿಲಿಗೆ ಕಾದಿದ್ದ ಮಾತ್ರೆ ಡಬ್ಬಿಯ ಮುಚ್ಚಳ ತೆಗೆದು ಮೂಗು ಹತ್ತಿರ ತಂದೆ. ಅರ್ಧ ಗಂಟೆ ಕೆಮ್ಮಿದೆ.

ಪಿಸಿನೆರೊ ಈಗಲೂ ಅವರೇ. ಕೆಲಸಗಾರ, ಒಳ್ಳೆಯವರು. ಗೋಡೆ ಉಜ್ಜುವುದರಲ್ಲಿ ಅವರ ಮುಂದೆ ನಾನು ಏನೂ ಅಲ್ಲ. ಪ್ರತಿ ವಾರ ಎರಡು ಫೋಟೋ ಕಳಿಸಿ ಅಂದಿದ್ದೇನೆ: ಟೆಸ್ಟ್ ಕೊಳವೆಯದ್ದು ಒಂದು, ತಳದ ಜಾಲರಿಯದ್ದು ಒಂದು. ಕೊಳದ ಒಟ್ಟು ಚಿತ್ರ ಬೇಡ, ಮೊಬೈಲಿನಲ್ಲಿ ಎಲ್ಲ ಕೊಳವೂ ನೀಲಿಯೇ.

ಹಳೆಯ ಮಾತ್ರೆ ಡಬ್ಬಿಯಲ್ಲಿ ಇನ್ನೂ ಇಪ್ಪತ್ತು ಉಳಿದಿವೆ. ಎಸೆಯಲಿಲ್ಲ. ಚಳಿಗಾಲದಲ್ಲಿ ನೀರು 15 ಡಿಗ್ರಿಗಿಂತ ತಣ್ಣಗಾದರೆ ಉಪ್ಪಿನ ಯಂತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ತಿಂಗಳಿಗೊಂದು ಮಾತ್ರೆ ತೇಲಿಬಿಡುತ್ತೇವೆ. ವರ್ಷಕ್ಕೆ ನಾಲ್ಕು ಅಂದರೆ ಈ ಡಬ್ಬಿ ಇನ್ನೈದು ವರ್ಷ ಬರುತ್ತದೆ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದಿಟ್ಟಿದ್ದೇನೆ: ಬೇಸಿಗೆಯಲ್ಲಿ ಮುಟ್ಟಬೇಡಿ.